ಆ ಮೈದಾನದಲ್ಲಿ ಗೂಟ ಹೊಡೆಯಬಾರದು

ಸ್ಕಾರ್‌ಬರೋದ ಒಂದು ಸ್ಟ್ರಿಪ್ ಮಾಲಿನಲ್ಲಿ, ಅಂದರೆ ರಸ್ತೆಬದಿಯ ಅಂಗಡಿಸಾಲಿನಲ್ಲಿ, ನನ್ನದು ಹಳೇ ಅಂಗಡಿ ಸಾಮಾನಿನ ವ್ಯಾಪಾರ. ರ‍್ಯಾಕು, ಮಡಚುವ ಮೇಜು, ಸಂತೆಗೆ ಹಾಕುವ ಟೆಂಟು. ಪಕ್ಕದಂಗಡಿಯಲ್ಲಿ ಬಟ್ಟೆ ಆಲ್ಟರ್ ಮಾಡುವ ಹೆಂಗಸು. ಬೇರೆ ದೇಶದಲ್ಲಿದ್ದ ಆಕೆಯ ಊರಿನಲ್ಲಿ ಯುದ್ಧ ನಿಂತಿತ್ತು, ಮಾರುಕಟ್ಟೆ ಮಾತ್ರ ನೆಲಸಮ. ಹೊಸದು ಕಟ್ಟುವ ತನಕ ಶಾಲೆಯ ಆಟದ ಮೈದಾನದಲ್ಲಿ ಅಂಗಡಿ ಹಾಕಲು ನಗರಸಭೆ ಜಾಗ ಹಂಚುತ್ತಿತ್ತು. ಆಕೆಯ ತಮ್ಮನಿಗೂ ಒಂದು. ಯಾವ ಚೌಕ ಬೇಕೆಂದು ಶುಕ್ರವಾರದೊಳಗೆ ಆರಿಸದಿದ್ದರೆ ಅದೂ ಇಲ್ಲ. ಅವನ ಮನೆಯಲ್ಲಿ ಐದು ಹೊಟ್ಟೆ, ಬೇರೆ ದುಡಿಮೆಯಿಲ್ಲ.

ಊರಿಗೆ ಹೋಗುವ ಪಾರ್ಸೆಲ್ಲಿನಲ್ಲಿ ಕಳಿಸಲು ಟೆಂಟು ಕೇಳಿಕೊಂಡು ಬಂದಳು. ಫೋನಿನಲ್ಲಿ ಮೈದಾನದ ನಕ್ಷೆ ತೋರಿಸಿದಳು. ಸಲಹೆ ಕೊಡಲು ಇಂಥದ್ದು ಸಿಕ್ಕರೆ ನನಗೆ ಊಟವೂ ಬೇಡ.

"ಸಿಸ್ಟರ್, ಗೇಟಿನ ಎಡಮೂಲೆ ಹಿಡಿಯಿರಿ. ಒಳಗೆ ಬರುವವರ ಚೀಲ ಇನ್ನೂ ಖಾಲಿ ಇರುತ್ತೆ. ತಾತ್ಕಾಲಿಕ ಅಂದರೆ ಎಷ್ಟು ತಿಂಗಳು, ಅದನ್ನೂ ಬರೆಸಿಕೊಳ್ಳಿ."

"ಜಾಗಾ ಕೇಳಿದ್ರ ಜಾತಕಾನೂ ಬರದು ಕೊಡ್ರಿ," ಒಳಗೆ ಪಾತ್ರೆ ತೊಳೆಯುತ್ತಿದ್ದ ನನ್ನ ಹೆಂಡತಿ ಅಂದಳು.

ನಾನು ಶುರು ಮಾಡಿದ್ದು ಇದೇ ಪಾರ್ಕಿಂಗ್ ಲಾಟಿನಲ್ಲಿ. ಡಾಂಬರಿಗೆ ಗೂಟ ಇಳಿಯುವುದಿಲ್ಲ. ಟೆಂಟಿನ ಕಾಲಿಗೆ ನೀರಿನ ಕ್ಯಾನು ಕಟ್ಟುತ್ತಿದ್ದೆ. ಒಂದು ಗಾಳಿಗೆ ಕ್ಯಾನುಸಮೇತ ಎದ್ದು ಯಾರದೋ ಕಾರಿನ ಮೇಲೆ ಬಿತ್ತು. ಅದಕ್ಕೇ ಕಬ್ಬಿಣದ ಗೂಟಗಳನ್ನು ತಂದು ಮುಂದಿಟ್ಟೆ. "ನಿಮ್ಮ ತಮ್ಮ ಪುಣ್ಯವಂತ, ಮಣ್ಣು ಸಿಕ್ಕಿದೆ. ಎರಡಡಿ ಹೊಡೆಸಿ."

ಆಕೆ ಗೂಟಗಳನ್ನು ನನ್ನ ಕಡೆಗೇ ಸರಿಸಿದಳು.

"ಬೇಡ ಬ್ರದರ್. ಯುದ್ಧದಲ್ಲಿ ಸ್ಮಶಾನದ ದಾರಿ ಮುಚ್ಚಿತ್ತು. ಸತ್ತವರನ್ನು ಆ ಮೈದಾನದಲ್ಲೇ ಹೂತೆವು. ಅದಕ್ಕೂ ತಾತ್ಕಾಲಿಕ ಅಂತಲೇ ಅಂದಿದ್ದರು."

ಆಮೇಲೆ ಅಗೆದು ಎಲ್ಲರನ್ನೂ ಸ್ಮಶಾನಕ್ಕೆ ಸಾಗಿಸಿದರಂತೆ. ಆಕೆಯ ಅಪ್ಪ ಮಾತ್ರ ಸಿಗಲಿಲ್ಲ. ಹೂತಲ್ಲಿ ಹೆಸರು ಬರೆದಿಟ್ಟ ಹಲಗೆಯನ್ನು ಚಳಿಗಾಲದಲ್ಲಿ ಯಾರೋ ಒಲೆಗೆ ಒಯ್ದಿದ್ದರು. ಹಿಂದಿನ ಗೋಡೆಯ ಹತ್ತಿರ ಎಲ್ಲೋ, ಅಷ್ಟೇ ಗೊತ್ತು.

ನನ್ನ ಬಾಯಿ ಸುಮ್ಮನಿರಲಿಲ್ಲ. "ಗೇಟಿಗೂ ಗೋಡೆಗೂ ದೂರ ಅಲ್ಲವಾ? ಮೂಲೆಯಲ್ಲಿ ಧೈರ್ಯವಾಗಿ ಹೊಡೆಯಲಿ."

"ನಾವು ಮೂಲೆ ತಗೊಂಡರೆ ಗೋಡೆಯ ಪಕ್ಕದ್ದು ಇನ್ನೊಬ್ಬರಿಗೆ ಹೋಗುತ್ತೆ. ಅವರು ಹೊಡೆಯುತ್ತಾರೆ."

ಹೆಂಡತಿ ಪಾತ್ರೆ ಬಿಟ್ಟು ಬಾಗಿಲಿಗೆ ಬಂದಳು.

"ಅಲ್ಲಿ ವ್ಯಾಪಾರ ಆಗಲ್ಲ ಸಿಸ್ಟರ್. ಗಿರಾಕಿ ಅಷ್ಟು ಹಿಂದಕ್ಕೆ ಬರಲ್ಲ. ಐದು ಜನ ಇದ್ದಾರೆ."

"ಗೊತ್ತು," ಅಂದಳು. ನಕ್ಷೆಯಲ್ಲಿ ಗೋಡೆಯ ಪಕ್ಕದ ಚೌಕಕ್ಕೆ ಗುರುತು ಹಾಕಿ, ನನ್ನೆದುರೇ ತಮ್ಮನಿಗೆ ಕಳಿಸಿದಳು.

ಗೂಟಗಳನ್ನು ಡಬ್ಬಿಗೆ ಹಾಕಿದೆ. ಹೆಂಡತಿ ಅಂಗಡಿಯ ಹಿಂದಿನಿಂದ ನನ್ನ ನಾಲ್ಕು ಹಳೇ ಕ್ಯಾನು ತಂದು ಒರೆಸಿಟ್ಟಳು. ಗಾಳಿಗೆ ಅವು ಸಾಲುವುದಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಟ್ಟುವ ರೀತಿಯನ್ನು ಚೀಟಿಯಲ್ಲಿ ಬರೆದೆ. ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಗಾಳಿ ಎದ್ದರೆ ಟೆಂಟು ಮಡಚಿಡಲಿ, ಆವತ್ತಿನ ವ್ಯಾಪಾರ ಹೋಗಲಿ.

ವ್ಯಾಪಾರ ಹೋಗಲಿ ಅಂತ ಅದುವರೆಗೆ ನಾನು ಯಾರಿಗೂ ಹೇಳಿದವನಲ್ಲ.