ಫ್ಲೂ ಸೂಜಿ, ಆಯಿಯ ಬೆಲ್ಲ

ಚಹಾ ಕುಡಿದಾದ ಮೇಲೂ ಆಯಿಯ ಬಟ್ಟಲಿನ ತಳದಲ್ಲಿ ಕರಗದ ಬೆಲ್ಲದ ಚೂರೊಂದು ಉಳಿದಿರುತ್ತಿತ್ತು. ಅದನ್ನು ಬೆರಳಿನಿಂದ ತೆಗೆದು ಬಾಯಿಗೆ ಹಾಕಿಕೊಂಡ ಮೇಲೆಯೇ ಅವಳ ದಿನ ಶುರು.

ಆಯಿ ಎಂದರೆ ನನ್ನ ಅಪ್ಪನ ತಾಯಿ. ನಮ್ಮದು ಬೇಡಕಿಹಾಳದ ಜೈನ ಮನೆ. ಹಿಂದಿನ ಮಳೆಗಾಲದಲ್ಲಿ ಫ್ಲೂ ಜ್ವರ ಎದೆಗಿಳಿದು ಅವಳು ನಿಪ್ಪಾಣಿಯ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ಚಾತುರ್ಮಾಸಕ್ಕೆ ಬಸದಿಯಲ್ಲಿ ನಿಂತಿದ್ದ ಮುನಿಗಳಿಗೆ ಆಹಾರ ನೀಡುವ ಸರದಿ ಕೈತಪ್ಪಿತು. ಆಸ್ಪತ್ರೆಯ ಬಿಲ್ಲನ್ನು ಅಪ್ಪನ ನೌಕರಿಯ ವಿಮೆ ಕಟ್ಟಿತು. ಆಹಾರ ತಪ್ಪಿದ್ದನ್ನು ಮಾತ್ರ ಆಯಿ ವರ್ಷವಿಡೀ ಹೇಳಿಕೊಂಡಳು.

ಈ ಸಲ ಮಳೆಗೆ ಮೊದಲೇ ಫ್ಲೂ ಲಸಿಕೆ ಹಾಕಿಸಿ, ಇನ್ನು ಪ್ರತಿ ವರ್ಷವೂ ಬೇಕು ಎಂದರು ಡಾಕ್ಟರು. ವಿಮೆಯಲ್ಲಿ ಲಸಿಕೆ ಬರುವುದಿಲ್ಲ, ಆಸ್ಪತ್ರೆಗೆ ಸೇರಿದರಷ್ಟೇ ದುಡ್ಡು ಎಂದು ನಾನು ಆಯಿಗೆ ವಿವರಿಸಿದೆ.

"ಅಂದ್ರ ಮಲಗಿದ್ರ ಕೊಡ್ತಾರ, ಮಲಗಬಾರ್ದು ಅಂದ್ರ ಕೊಡಂಗಿಲ್ಲ! ಭಾಳ ಶಾಣ್ಯಾರದಾರ ಬಿಡ," ಎಂದು ನಕ್ಕಳು. "ನಿಮ್ಮಪ್ಪ ಕೊಡ್ತಾನ, ನಡಿ."

ಹೇಳುವುದು ಇನ್ನೊಂದಿತ್ತು. ನಾನು ಓದಿದ್ದು ಜೀವಶಾಸ್ತ್ರ. "ಆಯಿ, ಈ ಔಷಧಾನ ಕೋಳಿ ತತ್ತಿಯೊಳಗ ಬೆಳಸ್ತಾರ."

ನಗು ನಿಂತಿತು. ಜೀವಹಿಂಸೆಯೆಂದು ಗಡ್ಡೆ ಗೆಣಸನ್ನೂ ಮುಟ್ಟದವಳು ಅವಳು. ಅಡುಗೆಮನೆಯಿಂದ ಅವ್ವ ಗದರಿದಳು: "ಸುಮ್ನ ಇರಾಕ ಏನಾಗಿತ್ತ ನಿನಗ?"

"ಆಕೀಗಿ ಬೈಬ್ಯಾಡ. ನನ್ನ ಮೈಯಾಗ ಹೋಗೂದು ನನಗ ಗೊತ್ತಿರಬೇಕು," ಎಂದಳು ಆಯಿ.

ಹೊತ್ತು ಮುಳುಗುವ ಮೊದಲೇ ಆಯಿ ಊಟ ಮುಗಿಸಿದಳು. ಕೈ ತೊಳೆದು ಬಂದು ನನ್ನ ಪಕ್ಕ ಕೂತಳು.

"ಸೂಜಿ ಮಾಡಸ್ಕೊತೀನಿ. ಹ್ವಾದ ವರ್ಷದಂಗ ಮುನಿಗಳ ಆಹಾರ ತಪ್ಪಬಾರ್ದು. ಆದ್ರ ಈ ತತ್ತಿ ದೋಷಕ್ಕ ಒಂದ ವರ್ಷ ಬೆಲ್ಲ ಬಿಡ್ತೀನಿ. ಸಕ್ಕರೀನೂ."

"ಬೆಲ್ಲ ಯಾಕಬೇ? ಬ್ಯಾರೆ ಏನರ ಬಿಡು."

"ಹಾಗಲಕಾಯಿ ಬಿಟ್ರ ಅದಕ್ಕ ತ್ಯಾಗ ಅಂತಾರೇನ, ಹುಚ್ಚಿ?"

ಮರುದಿನ ನಿಪ್ಪಾಣಿಯಲ್ಲಿ ಲಸಿಕೆ ಆಯಿತು. ವಾಪಸ್ ಬರುವಾಗ ಬಸ್ಸಿನಲ್ಲಿ ತೋಳು ಹಿಡಿದುಕೊಂಡೇ, ಈ ಸಲದ ಆಹಾರಕ್ಕೆ ಏನೇನು ಅಡುಗೆ ಎಂದು ಹೇಳುತ್ತಲೇ ಇದ್ದಳು.

"ಮುಂದಿನ ವರ್ಷದ ಸೂಜಿಗೆ ಏನ ಬಿಡ್ತಿ, ಆಯಿ?"

"ಮುಂದಿನ ವರ್ಷಾನೂ ಇರ್ತೀನಿ ಅಂತ ಆತಲ್ಲ," ಎಂದು ಕಿಟಕಿಯಾಚೆಯ ಕಬ್ಬಿನ ಗದ್ದೆ ನೋಡುತ್ತ ನಕ್ಕಳು. "ಆವಾಗ ನೋಡೂಣು."

ಅದರ ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ನಾನೇ ಚಹಾ ಇಟ್ಟೆ. ಬೆಲ್ಲದ ಡಬ್ಬಿಯನ್ನು ಮೇಲಿನ ಹಲಗೆಗೆ ಏರಿಸಿ, ಆಯಿಯ ಬಟ್ಟಲಿಗೂ ನನ್ನದಕ್ಕೂ ಸಪ್ಪನೆ ಚಹಾ ಸೋಸಿದೆ.