ಬಿಡಿಸದೆ ಉಳಿದ ಆಣೆ

ನರ್ಸ್‌ಬಾಯಿಯವರ ಎಡಗಾಲು ತುಸು ಗಿಡ್ಡ. ಒಂದೇ ಕಡೆ ಸವೆದ ಚಪ್ಪಲಿ ಎಳೆಯುತ್ತ ಅವರು ರಾಮದುರ್ಗದ ನಮ್ಮ ಓಣಿಗೆ ಬಂದರೆ, ಕುಸಿದ ಗೋಡೆಯ ಹಿಂದೆ ನಶೆಯ ಸೂಜಿ ಚುಚ್ಚಿಕೊಳ್ಳುವ ಹುಡುಗರು ಕೂತಲ್ಲೇ ಕೂತಿರುತ್ತಿದ್ದರು. ಬೇರೆ ಯಾರ ಹೆಜ್ಜೆ ಕೇಳಿದರೂ ಓಡುತ್ತಿದ್ದರು. ನನ್ನ ಹೆಜ್ಜೆಗಂತೂ ಎಲ್ಲರಿಗಿಂತ ಮೊದಲು. ನಾನು ಓಣಿಯ ಹಿರಿಯ.

ಅವರದೊಂದು ಬಾಡಿಗೆ ಕೋಣೆಯಿತ್ತು. ಹಳೆಯ ಸೂಜಿ ತಂದವರಿಗೆ ಹೊಸದು ಕೊಡುತ್ತಿದ್ದರು, ಹುಣ್ಣು ತೊಳೆದು ಪಟ್ಟಿ ಕಟ್ಟುತ್ತಿದ್ದರು. ಕೆಲವರಿಗೆ ಡಾಕ್ಟರು ಬರೆದ ಗುಳಿಗೆಯನ್ನು ದಿನಾ ತಮ್ಮೆದುರಿಗೇ ನಾಲಿಗೆಯ ಕೆಳಗೆ ಇಡಿಸುತ್ತಿದ್ದರು; ಅದರಿಂದ ನಶೆಯ ಹಪಾಹಪಿ ಇಳಿಯುತ್ತಿತ್ತು. ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವ ನನ್ನ ಕಿರಿಯ ಮಗನೂ ಆ ಗುಳಿಗೆಗೆ ಹೋಗುತ್ತಿದ್ದ. ಕೈನಡುಕ ನಿಂತು ಮತ್ತೆ ಅಂಗಡಿ ತೆರೆದಿದ್ದ. ನನಗೆ ಅದು ಕಾಣಲಿಲ್ಲ. ಎಲ್ಲರ ಕಣ್ಣೆದುರು ಅವನು ಆ ಕೋಣೆಯ ಮೆಟ್ಟಿಲು ಹತ್ತುವುದಷ್ಟೇ ಕಂಡಿತು.

"ಸೂಜಿ ಹಂಚಾಕ ಹತ್ತೀರಿ. ನಾಳೆ ಸೆರೆ ಬಾಟ್ಲೀನೂ ಹಂಚ್ರಿ ಬಾಯಾರ," ಎಂದು ಒಮ್ಮೆ ಕುಟುಕಿದೆ.

ಅವರು ನಕ್ಕರು. "ಯಜಮಾನ್ರ, ನಿಮ್ಮ ತಂಬಾಕಿನ ಚೀಲ ನಾ ಕಸಗೊಂಡೇನೇನ್ರಿ? ಬಾಯಿ ತಗೀರಿ, ಹುಣ್ಣ ಆಗೈತೇನ ನೋಡತೇನಿ. ಇವರಿಗೂ ಅಷ್ಟ ಮಾಡತೇನಿ. ಮೊದಲ ಉಳೀಲಿ, ಆಮ್ಯಾಲ ಬಿಡಲಿ."

ಸುತ್ತ ನಿಂತವರು ನಕ್ಕದ್ದು ನನಗೆ ನಾಟಿತು. ಹಿರಿಯರನ್ನು ಕೂಡಿಸಿ ಕೋಣೆ ಖಾಲಿ ಮಾಡಿಸಿದೆ. ಸವದತ್ತಿ ಗುಡ್ಡದಿಂದ ತಂದ ಭಂಡಾರದ ಬಟ್ಟಲನ್ನು ಓಣಿಯ ಗುಡಿಯಲ್ಲಿಟ್ಟು, ಹುಡುಗರೆಲ್ಲರಿಂದ ಆ ಅರಿಶಿನ ಮುಟ್ಟಿಸಿ ಆಣೆ ಮಾಡಿಸಿದೆ: ಸೂಜಿ ಇಲ್ಲ, ಗುಳಿಗೆಯೂ ಇಲ್ಲ. ಮಗನ ಸರದಿ ಬಂದಾಗ ಎಲ್ಲರಿಗೂ ಕೇಳುವಂತೆ, "ಆಣಿ ಮುರದ್ರ ನನ್ನ ಮನಿ ಹೊಸ್ತಲಾ ತುಳೀಬ್ಯಾಡ" ಎಂದೆ.

ಹೊರಗೆ ನಿಂತಿದ್ದ ನರ್ಸ್‌ಬಾಯಿ ಆಗ ನಗಲಿಲ್ಲ. "ಆಣಿ ಮಾಡಸ್ರಿ, ಬ್ಯಾಡ ಅನ್ನಂಗಿಲ್ಲ. ಗುಳಿಗಿ ತಪ್ಪಸಬ್ಯಾಡ್ರಿ. ನಶಾ ಬಿಟ್ಟಮ್ಯಾಲ ಮೈಗೆ ರೂಢಿ ತಪ್ಪಿರತೈತಿ. ಮತ್ತ ಮೊದಲಿನಷ್ಟ ತಗೊಂಡ್ರ ಉಸರ ನಿಲ್ಲತೈತಿ. ಅದೂ ಆಣಿ ಮುರದಾಂವ ಕದ್ದು, ಒಬ್ಬನ ಕುಂತ ತಗೋತಾನ್ರಿ. ಎಬ್ಬಸಾಕ ಯಾರೂ ಇರಂಗಿಲ್ಲ."

"ಅಪಶಕುನ ನುಡೀಬ್ಯಾಡ್ರಿ," ಎಂದೆ.

ಕೋಣೆ ಹೋದ ಮೇಲೂ ಅವರು ಚೀಲ ಹೆಗಲಿಗೇರಿಸಿ ದಿನಾ ಒಂದು ಸುತ್ತು ಬರುತ್ತಿದ್ದರು. ಹುಡುಗರು ಈಗ ಅವರ ಹೆಜ್ಜೆಗೂ ಓಡತೊಡಗಿದರು. ಗೋಡೆಯ ಹಿಂದೆ ಯಾರೂ ಕೂಡುತ್ತಿರಲಿಲ್ಲ. ಆ ಮೌನವನ್ನು ನಾನು ಗೆಲುವೆಂದುಕೊಂಡೆ. ಮಗ ಊಟಕ್ಕೆ ಬಂದರೆ ನನ್ನ ಮುಖ ನೋಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಊಟಕ್ಕೇ ಬರಲಿಲ್ಲ. ಅಂಗಡಿಯ ಶಟರ್ ಒಳಗಿನಿಂದ ಎಳೆದಿತ್ತು. ಎತ್ತಿಸಿದಾಗ ತಾಮ್ರದ ತಂತಿಗಳ ನಡುವೆ ಬಿದ್ದಿದ್ದ, ತುಟಿ ನೀಲಿಗಟ್ಟಿತ್ತು. ಯಾರೋ ಓಡಿಹೋಗಿ ನರ್ಸ್‌ಬಾಯಿಯನ್ನು ಕರೆತಂದರು. ಉಸಿರು ಮರಳಿಸುವ ಔಷಧಿ ಅವರ ಚೀಲದಲ್ಲಿತ್ತು. ಕೊಟ್ಟರು. ಬಾಯಿಗೆ ಬಾಯಿಟ್ಟು ಊದಿದರು. ಮೈ ಆಗಲೇ ತಣ್ಣಗಾಗಿತ್ತು. 'ನಾ ಹೇಳಿದ್ದೆ' ಎಂಬ ಮಾತು ಮಾತ್ರ ಅವರ ಬಾಯಿಂದ ಬರಲಿಲ್ಲ.

ಹಾರ್ಟ್ ಅಟ್ಯಾಕ್ ಎಂದು ನಾನು ಓಣಿಗೆ ಹೇಳಿದೆ. ಮಣ್ಣು ಮುಗಿದ ಮೇಲೆ ನರ್ಸ್‌ಬಾಯಿ ನನ್ನೊಬ್ಬನನ್ನೇ ಕರೆದು, "ಯಜಮಾನ್ರ, ಉಳದ ಹುಡುಗೂರ ಆಣಿ ಬಿಡಸ್ರಿ. ಮಾಡಿಸಿದವರ ಬಿಡಸಬೇಕು. ನಾ ಹೇಳಿದ್ರ ಅಂಜತಾರ" ಎಂದರು.

ಬಿಡಿಸಬೇಕಾದರೆ ಮಗ ಹೇಗೆ ಸತ್ತನೆಂದು ಹೇಳಬೇಕಿತ್ತು. ಹೇಳಲಿಲ್ಲ. ಸಂತೆಯಲ್ಲಿ ಸಿಕ್ಕಾಗಲೆಲ್ಲ ಅವರದು ಒಂದೇ ಮಾತು: "ಬಿಡಸಿದ್ರೇನ್ರಿ?" ನಾನು ದಾರಿ ಬದಲಿಸುತ್ತಿದ್ದೆ. ಅಷ್ಟರಲ್ಲಿ ಬೈಲಹೊಂಗಲದ ಕಡೆಯ ಹಿರಿಯರು, ತಮ್ಮಲ್ಲೂ ಆಣೆ ಮಾಡಿಸಬೇಕೆಂದು ನನ್ನನ್ನು ಕೇಳಿಕೊಂಡು ಬಂದರು. ಹೇಗೆಂದು ಹೇಳಿಕೊಟ್ಟೆ. ಕೆಲವು ದಿನಗಳಲ್ಲಿ ಅಲ್ಲಿಯೂ ಒಬ್ಬ ಹುಡುಗನಿಗೆ ಹಾರ್ಟ್ ಅಟ್ಯಾಕ್ ಆದ ಸುದ್ದಿ ಬಂತು.

ಈ ಮಳೆಗಾಲದಲ್ಲಿ ನರ್ಸ್‌ಬಾಯಿ ಜ್ವರದಿಂದ ತೀರಿಕೊಂಡರು. ಇನ್ನು ನನ್ನನ್ನು ಕೇಳುವವರಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಮಗನಿಗೆ ಹಾರ್ಟ್ ಅಟ್ಯಾಕ್ ಆಗಿರಲಿಲ್ಲ. ನಮ್ಮ ಗುಡಿಯಲ್ಲಿ ಭಂಡಾರ ಮುಟ್ಟಿದ ಹುಡುಗರೇ, ಮಾಡಿಸಿದ ನಾನೇ ನಿಮ್ಮ ಆಣೆ ಬಿಡಿಸಿದ್ದೇನೆ. ದೋಷವಿದ್ದರೆ ನನ್ನ ತಲೆಗಿರಲಿ. ಸರಕಾರಿ ದವಾಖಾನೆಗೆ ಹೋಗಿ ಆ ಗುಳಿಗೆ ಕೇಳಿರಿ. ನಶೆ ಬಿಡಲು ಆಗಲಿಲ್ಲವೆಂದರೂ, ಬಾಗಿಲು ಹಾಕಿಕೊಂಡು ಒಬ್ಬರೇ ಕೂಡಬೇಡಿರಿ.