ತುಟಿ ನೋಡಿಕೊಂಡು ವಿಮಾನ ಕಲಿತದ್ದು

ಇವತ್ತು ಬೆಳಿಗ್ಗೆ ಬನಹಟ್ಟಿಯ ಬಂಕಿನಲ್ಲಿ ಗಾಡಿಗೆ ಎಣ್ಣೆ ಹಾಕಿಸುವಾಗ ನಾಲ್ಕು ಹನಿ ಪೆಟ್ರೋಲು ಕೈಮೇಲೆ ಸಿಡಿಯಿತು. ಒರೆಸಿಕೊಳ್ಳುವುದು ಬಿಟ್ಟು ಮೂಸುತ್ತ ನಿಂತೆ. ಹಿಂದಿನವನು ಹಾರ್ನ್ ಹೊಡೆದ. ಅವನಿಗೇನು ಗೊತ್ತು? ಆ ವಾಸನೆ ಬಂದರೆ ನನಗೆ ರಸ್ತೆ ಕಾಣುವುದಿಲ್ಲ. ಜಮಖಂಡಿ ದಾರಿಯ ಬಯಲು, ಅಲ್ಲಿ ಮುರುಮು ಮಣ್ಣು ಹಾಕಿ ಗಟ್ಟಿ ಮಾಡಿದ ರನ್‌ವೇ ಪಟ್ಟಿ, ಅದರ ತುದಿಗೆ ಇಂಥದ್ದೇ ಪೆಟ್ರೋಲು ಕುಡಿದು ಹಾರುವ, ಇಬ್ಬರೇ ಕೂರಬಹುದಾದ ಬಿಳಿ ವಿಮಾನ ಕಾಣುತ್ತದೆ.

ನಗಬೇಡಿ. ಐವತ್ತು ದಾಟಿದ, ಎಂಟು ಪವರ್‌ಲೂಮ್ ಇಟ್ಟುಕೊಂಡು ಸೀರೆ ನೇಯಿಸುವ ಮನುಷ್ಯ ಹವ್ಯಾಸಕ್ಕೆಂದು ವಿಮಾನ ಕಲಿಯಲು ಹೋದಾಗ ಮನೆಯವರು ಬೇಕಾದಷ್ಟು ನಕ್ಕಿದ್ದಾರೆ. "ಮೊದಲ ಸ್ಕೂಟರ್ ನೆಟ್ಟಗ ಹೊಡೀರಿ," ಎಂದಿದ್ದಳು ಹೆಂಡತಿ. ಅವಳ ಮಾತು ಸುಳ್ಳೇನಲ್ಲ, ನಮ್ಮ ಮನೆಯ ಗೇಟೇ ಸಾಕ್ಷಿ.

ಕಲಿಸುವವರು ಜಮಖಂಡಿಯವರೇ, ವಾಯುಪಡೆಯಿಂದ ನಿವೃತ್ತರಾದವರು. ಅವರನ್ನು ನಾನು ಸರ್ ಎನ್ನುತ್ತಿದ್ದೆ. ಕೈ ಕಾಲು ಒಟ್ಟಿಗೆ ಆಡಿಸುವುದು ನನಗೆ ಕಷ್ಟವಾಗಲಿಲ್ಲ. ಚಿಕ್ಕಂದಿನಲ್ಲಿ ಕಾಲಿಂದ ತುಳಿಯುತ್ತ ಕೈಯಿಂದ ಲಾಳಿ ಓಡಿಸುವ ಕುಣಿ ಮಗ್ಗದಲ್ಲಿ ಕೂತವನಿಗೆ ಅದೇನು ದೊಡ್ಡದಲ್ಲ. ತೊಂದರೆ ಬಂದದ್ದು ಬೇರೆ ಕಡೆ. ಸರ್ ಪಕ್ಕದಲ್ಲೇ ಕೂತು ಹೆಡ್‌ಸೆಟ್‌ನಲ್ಲಿ ಮಾತಾಡಿದರೆ ಸಾಕು, ನಾನು ತಿರುಗಿ ಅವರ ಬಾಯಿ ನೋಡುತ್ತಿದ್ದೆ.

"ನನ್ನ ಬಾಯಾಗ ಏನೈತ್ರೀ? ಮುಂದ ನೋಡ್ರಿ."

ಏನೂ ಇರಲಿಲ್ಲ, ಅಭ್ಯಾಸ. ಮಗ್ಗ ನಡೆಯುವ ಶೆಡ್ಡಿನಲ್ಲಿ ಕೂಗಿದರೂ ಕೇಳಿಸದು. ನಾವೆಲ್ಲ ತುಟಿ ನೋಡಿ ಮಾತು ತಿಳಿಯುವ ಜನ. ನಮ್ಮಪ್ಪನಿಗೆ ಕಿವಿ ಹೋದದ್ದೇ ನಮಗೆ ಎಷ್ಟೋ ವರ್ಷ ಗೊತ್ತಾಗಲಿಲ್ಲ ಎಂದರೆ ನೋಡಿ. ಎಲ್ಲರಂತೆ ಮಾತಾಡುತ್ತಿದ್ದ, ಎಲ್ಲರಂತೆ ಬೈಯುತ್ತಿದ್ದ. ಒಂದು ದಿನ ಕರೆಂಟು ಹೋಗಿ ಮಗ್ಗ ನಿಂತಾಗ ಬೆನ್ನ ಹಿಂದಿನಿಂದ ಕರೆದೆ. ಅಪ್ಪ ತಿರುಗಲಿಲ್ಲ. ಮೂರು ಸಲ ಕರೆದೆ.

ವಿಮಾನದ ಮಾತಿಗೆ ಬರುತ್ತೇನೆ. ಇಳಿಯುವ ಪಾಠ ನಡೆದಿತ್ತು. ನೆಲ ಹತ್ತಿರ ಬಂದಾಗ ಸರ್ "ವಿಮಾನದ ಮೂಗ ಎತ್ರಿ" ಎಂದರು. ಕೇಳಿದ್ದು ಹೌದೋ ಅಲ್ಲವೋ ಎಂದು ನಾನು ಅವರ ತುಟಿ ನೋಡಿದೆ. ಅಷ್ಟರಲ್ಲಿ ಚಕ್ರ ನೆಲಕ್ಕೆ ಬಡಿದು ವಿಮಾನ ಪುಟಿಯಿತು. ಸರ್ ತಾವೇ ಹಿಡಿತಕ್ಕೆ ತೆಗೆದುಕೊಂಡು ಇಳಿಸಿದರು. ಬೈಯಲಿಲ್ಲ, ಅದೇ ನನ್ನನ್ನು ಹೆದರಿಸಿತು.

"ಹಿಂಗಾದ್ರ ನಿಮ್ಮನ್ನ ಒಬ್ಬರನ್ನ ಬಿಡಾಕ ಆಗೂದಿಲ್ರಿ," ಎಂದರು. "ಅವತ್ತ ಬಾಜೂ ಸೀಟಿನ್ಯಾಗ ಬಾಯಿನ ಇರೂದಿಲ್ಲ. ಒಬ್ಬರ ಹಾರಲಿಲ್ಲಂದ್ರ ಲೈಸೆನ್ಸೂ ಇಲ್ಲ."

ಒಬ್ಬನೇ ಹಾರಬೇಕು ಎಂಬುದೊಂದೇ ನನಗಿದ್ದ ಹುಚ್ಚು.

ಮರುದಿನ ಸರ್ ಆ ಬಿರುಬಿಸಿಲಲ್ಲಿ ಬಾಯಿಗೆ ಮಫ್ಲರ್ ಸುತ್ತಿಕೊಂಡು ಬಂದರು, ಹಲ್ಲುನೋವಿನವರ ಹಾಗೆ. ಮೈಕನ್ನು ಅದರೊಳಗೇ ತೂರಿಸಿದ್ದರು. ತಿರುಗಿದರೆ ಬರೀ ಉಣ್ಣೆ. ಹದಿನೈದು ದಿನ ಬೆವರು ಸುರಿಸುತ್ತ ಅವರು ಹೇಳಿದರು, ನಾನು ಕೇಳುವುದನ್ನು ಕಲಿತೆ.

ಆಮೇಲೊಂದು ಮುಂಜಾನೆ ಎಂಜಿನ್ ಓಡುತ್ತಿರುವಾಗಲೇ ಸರ್ ಇಳಿದು ಬಾಗಿಲು ಹಾಕಿದರು. ದೂರ ನಿಂತು ಮಫ್ಲರ್ ಬಿಚ್ಚಿ ಏನೋ ಅಂದರು. ಆ ಸದ್ದಿನಲ್ಲಿ ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲ. ನನಗೆ ತಿಳಿಯಿತು. "ಹೋಗ್ರಿ" ಅಂದಿದ್ದರು.

ಒಬ್ಬರ ಭಾರ ಕಡಿಮೆಯಾದ ವಿಮಾನ ಚಂಗನೆ ಎದ್ದಿತು. ಒಂದು ಕಡೆ ಕೃಷ್ಣೆ, ಎಲ್ಲೆಲ್ಲೂ ಕಬ್ಬು, ದೂರದಲ್ಲಿ ಮುಧೋಳದ ಕಡೆ ಸಕ್ಕರೆ ಕಾರ್ಖಾನೆಯ ಹೊಗೆ. ತಿರುಗಿಸಿದಾಗ ರೆಕ್ಕೆಯ ಕೆಳಗೆ ನನ್ನ ಊರು ಬಂತು. ರಬಕವಿ ಎಲ್ಲಿ ಮುಗಿದು ಬನಹಟ್ಟಿ ಎಲ್ಲಿ ಶುರುವಾಯಿತೋ ತಿಳಿಯದ ಹಾಗೆ ಕೂಡಿಕೊಂಡ ಮನೆಗಳು, ಮಾಳಿಗೆಯ ಮೇಲೆ ಒಣಗಲು ಹಾಕಿದ ಕೆಂಪು ಹಳದಿ ನೂಲು. ಎಲ್ಲ ಇತ್ತು, ಊರಿನ ಸದ್ದು ಇರಲಿಲ್ಲ. ಹುಟ್ಟಿದಂದಿನಿಂದ ಮಗ್ಗ ನಡೆದಿದ್ದೂ ಖಟಾಖಟ್ ಇಲ್ಲದ ನನ್ನ ಊರನ್ನು ನಾನು ಕಂಡೇ ಇರಲಿಲ್ಲ. ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಇಳಿಯುವಾಗ ಮುಂದೆಯೇ ನೋಡಿದೆ, ನೆಟ್ಟಗೆ ಇಳಿದೆ.

ಅವತ್ತು ಮನೆಗೆ ಬಂದಾಗ ಅಪ್ಪ ಕಟ್ಟೆಯ ಮೇಲೆ ಕೂತಿದ್ದ. "ಏನ ಕಾಣಸ್ತಪಾ ಮ್ಯಾಲಿಂದ?" ಎಂದ.

"ಊರ ಕಾಣಸ್ತು. ಮಗ್ಗ ನಡದಾವು, ಜನ ಅಡ್ಡಾಡಾಕತ್ತಾರ, ಆದ್ರ ಒಂದೂ ಸಪ್ಪಳಿಲ್ಲ. ನಂಬಾಕ ಆಗೂದಿಲ್ಲಪಾ."

ಅಪ್ಪ ನನ್ನ ತುಟಿಯನ್ನೇ ನೋಡುತ್ತಿದ್ದವನು ಸಣ್ಣಗೆ ನಕ್ಕ. "ನನಗ ಇಲ್ಲೇ ಕುಂತ್ರೂ ದಿನಾ ಹಂಗ ಕಾಣಸ್ತೈತಿ," ಎಂದ.

ಯಾರೂ ಕಾಣದ್ದನ್ನು ಕಂಡು ಬಂದೆನೆಂದು ನಾನು ಬೀಗುತ್ತಿದ್ದೆ. ನಾನು ಹತ್ತು ನಿಮಿಷ ನೋಡಿ ಬಂದ ಊರಿನಲ್ಲಿ ಅಪ್ಪ ಎಷ್ಟೋ ವರ್ಷದಿಂದ ಒಬ್ಬನೇ ಇದ್ದ. ನಾನೋ ಬಾಗಿಲಲ್ಲಿ ನಿಂತು ಬೆನ್ನಿಗೆ ಕೂಗಿ, ಉತ್ತರ ಬರದಿದ್ದರೆ ಸಿಟ್ಟಾಗುತ್ತಿದ್ದೆ.

ಇವತ್ತು ಬಂಕಿನಿಂದ ಮನೆಗೆ ಬಂದೆ. ಅಪ್ಪ ಬೀದಿಯ ಕಡೆ ಮುಖ ಮಾಡಿ ಕೂತಿದ್ದ. ಸುತ್ತಿ ಹೋಗಿ ಎದುರಿಗೆ, ಬೆಳಕು ನನ್ನ ಮುಖಕ್ಕೆ ಬೀಳುವ ಹಾಗೆ ಕುಕ್ಕರಗಾಲಲ್ಲಿ ಕೂತೆ.

"ಅಪ್ಪಾ, ಚಾ ಕುಡಿಯೂಣೇನು?"

"ಅದಕ್ಯಾಕ ಇಷ್ಟ ಹತ್ತರ ಬಂದೀಯೋ," ಎಂದ ಅಪ್ಪ, ಮತ್ತು ಪಕ್ಕಕ್ಕೆ ಸರಿದು ಜಾಗ ಕೊಟ್ಟ.